ಇನ್ನೊಂದೆರಡು ಡಿಗ್ರಿ

ಗೋಡೆಗೂ ಹಾಸಿಗೆಗೂ ನಡುವೆ ದುಂಬಿಯೊಂದು ಸಿಕ್ಕಿಕೊಂಡ ಹಾಗೆ ಸಣ್ಣಗೆ ಗುರ್ರೆಂದಿತು. ತಡೆದು, ಇನ್ನೊಮ್ಮೆ. ಮತ್ತೆ ಸದ್ದಾಗುವ ಮೊದಲೇ ನನ್ನ ಗಂಡ ಕಿಸಿಲು ಕತ್ತಲಲ್ಲಿ ಕೈಹಾಕಿ ಫೋನು ಎತ್ತಿಕೊಂಡಿದ್ದ. ದೀಪ ಹಾಕಲಿಲ್ಲ. ಮಗಳ ಕಾಲು ದಾಟಿ ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡ. ಬಟ್ಟೆ ಒಣಹಾಕುವ ಹಗ್ಗ ಅಡ್ಡ ಬರುವುದರಿಂದ ಆ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಅವನಿಗೆ ಅದು ಮರೆತಿರಬಹುದು. ನನಗೆ ಮರೆತಿರಲಿಲ್ಲ.

ನಿದ್ದೆಯಲ್ಲಿರುವವರ ಹಾಗೆ ನಿಧಾನ ಉಸಿರಾಡುತ್ತ ಆ ಸಂದಿಗೆ ಕಿವಿ ಕೊಟ್ಟೆ.

“ಇನ್ನೂ ಬರ್ಲಿಲ್ವಾ? ಇರು, ಇರು. ಹೆದರ್ಬೇಡ. ಇನ್ನೊಂದೆರಡು ಡಿಗ್ರಿ ಏರ್ಸೋಕೆ ಹೇಳು.” ಆಮೇಲೆ ಗಂಟಲಲ್ಲೇ ಒಂದು ನಗು. “ಅಯ್ಯೋ ಹುಚ್ಚಿ. ನಾನಿದ್ದೀನಲ್ಲ.”

ನೈರೋಬಿಯ ನಮ್ಮ ಪೈಪ್‌ಲೈನ್ ಬಡಾವಣೆಯಲ್ಲಿ ಬಾಲ್ಕನಿಯಿಂದ ಕೈ ಚಾಚಿದರೆ ಎದುರು ಮನೆಯವರ ಹತ್ತಿರ ಉಪ್ಪು ಇಸಿದುಕೊಳ್ಳಬಹುದು. ಅಷ್ಟು ಜನರ ಕಿವಿಯ ನಡುವೆ ನಿಂತು ಅವನು ಅಷ್ಟು ಮೆತ್ತಗೆ ಮಾತಾಡಿದ್ದ. ‘ನಾನಿದ್ದೀನಲ್ಲ’ ಎಂಬ ಮಾತು ನನಗೆ ಅವನು ಕೊನೆಯ ಸಲ ಹೇಳಿದ್ದು ಮಗಳು ಕಲೋಂದು ಹುಟ್ಟಿದ ದಿನ, ಆಸ್ಪತ್ರೆಯ ಮೊಗಸಾಲೆಯಲ್ಲಿ. ಕಲೋಂದು ಈಗ ಶಾಲೆಗೆ ಹೋಗುತ್ತಾಳೆ.

ಅವನು ಬಂದು ಮಲಗಿದ. ತಡೆಯಲಾಗಲಿಲ್ಲ.

“ಯಾರದು?”

“ಫ್ಯಾಕ್ಟ್ರಿ. ಮಲ್ಕೊ.”

“ಫ್ಯಾಕ್ಟ್ರಿಗೆ ಹೆಸ್ರಿಲ್ವಾ?”

“ಲ್ಯಾಬಿಂದು. ಬಟ್ಟೆಗೆ ಬಲ ಬರ್ತಿಲ್ವಂತೆ. ನೀನು ಮಲ್ಕೊ, ಕತುಂಗೆ.”

ಆ ಲ್ಯಾಬಿಗೆ ಹೆಸರಿತ್ತು. ಅವನು ಹೇಳಲಿಲ್ಲ ಅಷ್ಟೆ.

ನಮ್ಮದು ಚೀಲದ ಬಟ್ಟೆ ಮಾಡುವ ಕಾರ್ಖಾನೆ. ಪ್ಲಾಸ್ಟಿಕ್ ಚೀಲ ನಿಂತ ಮೇಲೆ ನೈರೋಬಿಯ ಪ್ರತಿ ಕೈಯಲ್ಲೂ ತೂಗತೊಡಗಿದ ಚೀಲಗಳಿವೆಯಲ್ಲ, ಅವುಗಳ ಬಟ್ಟೆ. ಅದಕ್ಕೆ ನೇಯ್ಗೆ ಇಲ್ಲ. ಪಾಲಿಪ್ರಾಪಿಲಿನ್ ಹರಳನ್ನು ಕರಗಿಸಿ, ಕೂದಲಿಗಿಂತ ತೆಳುವಾದ ಎಳೆ ತೆಗೆದು, ಓಡುವ ಪಟ್ಟೆಯ ಮೇಲೆ ಜೇಡರ ಬಲೆಯಂತೆ ಹರಡುತ್ತಾರೆ. ಆ ಬಲೆ ಎರಡು ಬಿಸಿ ರೋಲರ್‌ಗಳ ನಡುವೆ ಹಾದುಹೋಗುತ್ತದೆ. ಒಂದು ರೋಲರಿನ ಮೈತುಂಬ ಅಕ್ಕಿಕಾಳಿನಂಥ ಉಬ್ಬುಗಳು. ಉಬ್ಬು ಒತ್ತಿದಲ್ಲೆಲ್ಲ ಎಳೆಗಳು ಕರಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಬಿಸಿ ಸಾಲದಿದ್ದರೆ ಅಂಟು ಹಿಡಿಯುವುದಿಲ್ಲ. ಎಳೆದರೆ ಎಳೆಗಳು ಜಾರಿ ಹೊರಬರುತ್ತವೆ. ಬಿಸಿ ಮೀರಿದರೆ ಅಂಟಿದ ಜಾಗವೇನೋ ಕಲ್ಲಿನಂತಾಗುತ್ತದೆ, ಆದರೆ ಅದರ ಅಂಚಿನಲ್ಲಿ ಎಳೆ ಬೆಂದು ಸೊರಗುತ್ತದೆ. ಎಳೆದಾಗ ಅಲ್ಲೇ, ಅಂಚೆಚೀಟಿ ಹರಿದ ಹಾಗೆ, ನೀಟಾಗಿ ಹರಿಯುತ್ತದೆ. ನಡುವೆ ಒಂದು ಹದವಿದೆ. ಆ ಹದ ಕೂರಿಸುವ ಫುಂಡಿ ಕಿಸಿಲು. ಯಂತ್ರದ ಕೆಲಸ ಬಲ್ಲವರನ್ನು ನಾವು ಫುಂಡಿ ಅನ್ನುತ್ತೇವೆ. ಹದ ಬಂದಿದೆಯೇ ಎಂದು ಬಟ್ಟೆಯ ಪಟ್ಟಿ ಕತ್ತರಿಸಿ, ಎಳೆಯುವ ಯಂತ್ರಕ್ಕೆ ಕಚ್ಚಿಸಿ ನೋಡುವುದು ಲ್ಯಾಬಿನ ಕೆಲಸ. ಹಗಲಿನ ಲ್ಯಾಬು ನಾನು. ರಾತ್ರಿಯದು ಮೊರಾ.

ಮೊರಾ ಬಂದು ಬಹಳ ದಿನವಾಗಿರಲಿಲ್ಲ. ನಾನು ಓದಿದ ಎಲ್ಡೊರೆಟ್‌ನಲ್ಲೇ, ನಾನು ಓದಿದ್ದನ್ನೇ ಓದಿದವಳು, ನನಗಿಂತ ಚಿಕ್ಕವಳು. ಕೀಸಿ ಸೀಮೆಯವಳು. ನಗುವಾಗ ತಲೆ ಹಿಂದಕ್ಕೆ ಚೆಲ್ಲಿ ಕತ್ತೆಲ್ಲ ತೋರಿಸಿ ನಗುತ್ತಾಳೆ. ಅವಳು ಬಂದ ಮೇಲೆ ಕಿಸಿಲು ಅಂಗಿಯನ್ನು ಪ್ಯಾಂಟಿನೊಳಗೆ ಸೇರಿಸತೊಡಗಿದ. ಸಂಜೆ ಪಾಳಿ ಬದಲಾಗುವಾಗ ಐದು ನಿಮಿಷ ಹೆಚ್ಚು ನಿಲ್ಲತೊಡಗಿದ. ಇನ್ಯಾರಿಗೂ ಇದೆಲ್ಲ ಕಾಣುತ್ತಿರಲಿಲ್ಲ. ನನಗೆ ಕಾಣದ್ದು ಯಾವುದೂ ಇರಲಿಲ್ಲ, ಅದೇ ನನ್ನ ಕಷ್ಟ.

ಮರುದಿನ ಗೇಟಿನ ಪಕ್ಕದ ಚಹಾ ಮಾರುವ ಅಪೊಂದಿ ಎಣ್ಣೆಯಲ್ಲಿ ಸಿಹಿ ಹಿಟ್ಟಿನ ಮಂದಾಜಿ ಕರಿಯುತ್ತಿದ್ದಳು. ನನ್ನ ಮುಖ ನೋಡಿ ಜಾಲರಿ ಸೌಟನ್ನು ಎತ್ತಿ ಹಿಡಿದಳು.

“ಏನ್ ಕಲೋಂದು ಅಮ್ಮ, ರಾತ್ರಿಯೆಲ್ಲ ಯಾರ ಜೊತೆ ಜಗಳ?”

“ಯಾರ ಜೊತೆಗೂ ಇಲ್ಲ.”

“ಅದೇ ಕೆಟ್ಟದ್ದು. ಗಂಡನ ಜೊತೆ ಆಡಿದ್ರೆ ಕಣ್ಣು ಹಿಂಗೆ ಊದ್ಕೊಳಲ್ಲ. ಒಳಗೇ ಆಡಿದ್ರೆ ಊದ್ಕೊಳತ್ತೆ.” ಪಕ್ಕದಲ್ಲಿದ್ದ ಲಾರಿಯವರು ನಕ್ಕರು. ಅಪೊಂದಿ ದನಿ ತಗ್ಗಿಸಿದಂತೆ ಮಾಡಿ, ಎಲ್ಲರಿಗೂ ಕೇಳುವ ಹಾಗೆಯೇ ಹೇಳಿದಳು: “ಆ ಕೀಸಿ ಹುಡುಗಿ ಬೆಳಿಗ್ಗೆ ಚಹಾ ಕುಡೀತಾ ಏನಂತಿದ್ಲು ಗೊತ್ತಾ? ‘ಅಮ್ಮಾ, ನಮ್ಮ ಫುಂಡಿ ಇಲ್ದಿದ್ರೆ ನಾನು ಸತ್ತೇ ಹೋಗ್ತಿದ್ದೆ’ ಅಂತ.”

“ನಮ್ಮ ಫುಂಡಿನಾ?”

“ನಮ್ಮ ಅಂತ ಅಂದ್ಲು. ನನ್ನ ಅಂತ ಅಂದಿಲ್ಲ ಮಗಳೇ, ಇನ್ನೂ ಟೈಮಿದೆ. ತಗೋ, ಬಿಸಿಯಿದೆ, ತಿನ್ನು.”

ಮಂದಾಜಿಯನ್ನು ಕಾಗದದಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡೆ.

ಲ್ಯಾಬಿನ ಬಾಗಿಲಲ್ಲಿ ಮ್ಯಾನೇಜರ್ ಮಕೋಖಾ ಕಾದಿದ್ದರು. ಆಳು ಎತ್ತರ, ದನಿ ಅದಕ್ಕಿಂತ ಎತ್ತರ.

“ಕತುಂಗೆ, ಮ್ವೆಯಾದ ಅಕ್ಕಿಯವರ ಚೀಲದ ಬಟ್ಟೆ ರಾತ್ರಿ ಓಡ್ತಿದೆಯಲ್ಲ, ಮೊರಾಳ ಅಂಕಿ ದಿನಾ ಇಳೀತಿದೆ. ಮೊದಲನೇ ದಿನ ಕಮ್ಮಿ. ಮಾರನೇ ದಿನ ಇನ್ನೂ ಕಮ್ಮಿ. ನಿನ್ನೆ ಅಂತೂ ಇದರಲ್ಲಿ ಅಕ್ಕಿ ಅಲ್ಲ, ಹತ್ತಿನೂ ತುಂಬೋ ಹಾಗಿಲ್ಲ. ಎಲ್ಲಾ ರಾತ್ರಿಯ ತುಂಡೂ ಇಟ್ಟಿದ್ದಾಳೆ. ನೀನು ಇನ್ನೊಮ್ಮೆ ಎಳೆದು ನೋಡು. ಸಂಜೆ ಒಳಗೆ ಯಾರ ತಪ್ಪು ಅಂತ ನಂಗೆ ಬೇಕು.”

“ಯಾರ ತಪ್ಪು ಅಂತಲಾ, ಬಾಸ್? ಏನು ತಪ್ಪು ಅಂತಲಾ?”

“ಎರಡೂ. ಅವಳ ತಪ್ಪಾದ್ರೆ ಅವಳದಿನ್ನೂ ಪರೀಕ್ಷೆ ಅವಧಿ, ಕಳಿಸಿಬಿಡ್ತೀನಿ. ಬಿಸಿಯಲ್ಲಿ ಯಾರಾದ್ರೂ ಕೈಯಾಡಿಸಿದ್ರೆ ಅವರನ್ನೂ.”

ಆ ಹೊತ್ತಿಗೆ ನನ್ನೊಳಗೆ ಆದದ್ದು ಸಂತೋಷವೇ. ಅದಕ್ಕೆ ಬೇರೆ ಹೆಸರು ಹುಡುಕುವುದಿಲ್ಲ. ದಪ್ಪ ಬಟ್ಟೆ ರಾತ್ರಿ ಮಾತ್ರ ಓಡುವುದು, ಆಗ ಕರೆಂಟಿನ ದರ ಕಮ್ಮಿ. ಹಗಲು ನನ್ನ ಕೈಗೆ ಬರುವುದು ತೆಳು ಬಟ್ಟೆ. ಹಾಗಾಗಿ ಮೊರಾಳ ಕೆಲಸದ ಮೇಲೆ ಕಣ್ಣು ಹಾಯಿಸುವ ಅವಕಾಶ ನನಗೆ ಸಿಕ್ಕಿರಲಿಲ್ಲ. ಈಗ ಮ್ಯಾನೇಜರೇ ತಂದು ಕೈಗಿತ್ತಿದ್ದರು. ಏಪ್ರನ್ ಕಟ್ಟಿಕೊಂಡು ಕಸದ ಬುಟ್ಟಿಯಿಂದಲೇ ಶುರುಮಾಡಿದೆ. ಅವಳು ಎಳೆದು ಹರಿದ ಪಟ್ಟಿಗಳು ಅಲ್ಲಿದ್ದವು.

ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಅಕ್ಕಿಕಾಳಿನಂಥ ಗುರುತುಗಳು ಪಟ್ಟಿಯ ಉದ್ದಕ್ಕೆ ನಿಂತಿದ್ದವು. ಇನ್ನೊಂದನ್ನು ಹಿಡಿದೆ. ಅದರಲ್ಲೂ ನಿಂತಿದ್ದವು. ಅವು ಅಡ್ಡಕ್ಕೆ ಮಲಗಿರಬೇಕಿತ್ತು.

ಓಡುವ ಪಟ್ಟೆಯ ಮೇಲೆ ಬೀಳುವ ಎಳೆಗಳು ಹೆಚ್ಚಾಗಿ ಪಟ್ಟೆ ಓಡುವ ದಿಕ್ಕಿಗೇ ಮಲಗುತ್ತವೆ. ಅದಕ್ಕೇ ಬಟ್ಟೆಗೆ ಉದ್ದಕ್ಕೆ ಬಲ ಹೆಚ್ಚು, ಅಡ್ಡಕ್ಕೆ ಕಮ್ಮಿ. ಅಕ್ಕಿ ಚೀಲದ ಕರಾರು ಉದ್ದದ ಬಲಕ್ಕೆ. ಮೊರಾ ಎಲ್ಲಾ ರಾತ್ರಿಯೂ ಅಡ್ಡಕ್ಕೆ ಕತ್ತರಿಸಿ ಎಳೆದಿದ್ದಳು.

ಓದಿದ ಹುಡುಗಿ, ಇಷ್ಟೂ ಗೊತ್ತಿಲ್ಲವೇ ಎಂದುಕೊಂಡೆ. ಅಷ್ಟರಲ್ಲಿ ಮೇಜಿನ ಮೇಲಿದ್ದ ಚೌಕ ತುಂಡುಗಳ ಮೇಲೆ ಸೀಮೆಸುಣ್ಣದ ಬಾಣ ಕಂಡಿತು.

ನಮ್ಮಲ್ಲಿ ಯಂತ್ರದವರು ರೋಲಿನಿಂದ ಚೌಕ ತುಂಡು ಕತ್ತರಿಸಿ ಒಂದು ಬಾಣ ಎಳೆದು ಕಳಿಸುತ್ತಾರೆ. ಬೇರೆ ಯಾವ ಕಾರ್ಖಾನೆಯಲ್ಲಾದರೂ ಬಾಣವೆಂದರೆ ಬಟ್ಟೆ ಓಡಿದ ದಿಕ್ಕು. ನಮ್ಮಲ್ಲಿ ಅದು ಯಂತ್ರದ ಪಕ್ಕದ ಗೋಡೆಯ ಕಡೆ, ಅಂದರೆ ಬಟ್ಟೆಗೆ ಅಡ್ಡಕ್ಕೆ, ತೋರಿಸುತ್ತದೆ. ಹಿಂದೆಂದೋ ಹಳೆಯ ರೋಲರಿನ ಗೋಡೆಬದಿಯ ತುದಿ ಸರಿಯಾಗಿ ಕಾಯುತ್ತಿರಲಿಲ್ಲ; ಯಾವ ಅಂಚು ಯಾವುದೆಂದು ತಿಳಿಯಲಿ ಎಂದು ಶುರುವಾದ ಅಭ್ಯಾಸ. ರೋಲರ್ ಬದಲಾಯಿತು, ಬಾಣ ಉಳಿಯಿತು. ನಾವೆಲ್ಲ ಬಾಣಕ್ಕೆ ಅಡ್ಡಡ್ಡ ಕತ್ತರಿಸುತ್ತೇವೆ, ಯೋಚಿಸದೆ. ಮೊರಾ ಬಾಣದ ದಿಕ್ಕಿಗೇ ಕತ್ತರಿಸಿದ್ದಳು.

ಮೊರಾ ಮೊದಲ ದಿನ ನನ್ನನ್ನು ಕೇಳಿದ್ದಳು. ಪಾಳಿ ಬದಲಾಗುವ ಹೊತ್ತು. ಕಿಸಿಲು ಅವಳಿಗೆ ಚಹಾ ತಂದುಕೊಟ್ಟು ಆಗಷ್ಟೇ ಹೋಗಿದ್ದ, ನನಗೆ ತಂದಿರಲಿಲ್ಲ. “ಮೇಡಂ, ಈ ಬಾಣ ಹೆಂಗೆ ನೋಡೋದು?” ಎಂದಿದ್ದಳು. “ಬಾಣ ಅಂದ್ರೆ ಬಾಣ” ಎಂದು ನಾನು ಬ್ಯಾಗು ಹೆಗಲಿಗೆ ಹಾಕಿಕೊಂಡಿದ್ದೆ.

ಮೊದಲ ರಾತ್ರಿಯ ತುಂಡನ್ನು ಸರಿಯಾಗಿ ಕತ್ತರಿಸಿ ಯಂತ್ರಕ್ಕೆ ಕಚ್ಚಿಸಿದೆ. ಎಳೆ, ಎಳೆ, ಎಳೆ. ಪಟ್ಟಿ ಹಿಗ್ಗುತ್ತ ಹೋಗಿ ಬಹಳ ಹೊತ್ತಿನ ಮೇಲೆ ಬಿಟ್ಟುಕೊಟ್ಟಿತು. ಕರಾರಿಗಿಂತ ಎಷ್ಟೋ ಮೇಲೆ. ಅಷ್ಟು ಒಳ್ಳೆಯ ದಪ್ಪ ಬಟ್ಟೆಯನ್ನು ನಮ್ಮ ಕಾರ್ಖಾನೆ ಅದಕ್ಕೆ ಮೊದಲು ಮಾಡಿರಲಿಲ್ಲ. ಕಿಸಿಲು ಮೊದಲ ರಾತ್ರಿಯೇ ಹದ ಕೂರಿಸಿದ್ದ.

ಎರಡನೆಯ ರಾತ್ರಿಯದು ಸ್ವಲ್ಪ ಇಳಿದಿತ್ತು. ಅದರ ಮುಂದಿನದು ಇನ್ನೂ. ನಿನ್ನೆಯದನ್ನು ಬೆರಳಲ್ಲಿ ಹಿಸುಕಿದರೆ ಕಾಗದದ ಹಾಗೆ ಚರಚರ ಅನ್ನುತ್ತಿತ್ತು. ಯಂತ್ರ ಇನ್ನೂ ಎಳೆಯಲು ತೊಡಗುವಷ್ಟರಲ್ಲಿ ಟಕ್ಕೆಂದು, ಚುಕ್ಕಿಗಳ ಅಂಚಿನುದ್ದಕ್ಕೂ ನೇರ ಗೆರೆಯಾಗಿ ಹರಿಯಿತು.

ತುಂಡುಗಳನ್ನು ಸಾಲಾಗಿ ಜೋಡಿಸಿದೆ. ಮೆತ್ತಗಿನದರಿಂದ ಗರಿಗರಿಯದರ ತನಕ. ಆಗ ಎಲ್ಲ ಹೊಳೆಯಿತು. ಅಡ್ಡಕ್ಕೆ ಕತ್ತರಿಸಿದ್ದರಿಂದ ಮೊದಲ ರಾತ್ರಿ ಅಂಕಿ ಕಮ್ಮಿ ಬಂದಿದೆ. ಅವಳು ಹೆದರಿ ಫೋನು ಮಾಡಿದ್ದಾಳೆ. ಇವನು ಬಿಸಿ ಸಾಲಲಿಲ್ಲವೆಂದು ಎರಡು ಡಿಗ್ರಿ ಏರಿಸಿದ್ದಾನೆ. ಹದ ಮೀರಿದ ಬಟ್ಟೆ ಇನ್ನೂ ಸೊರಗಿದೆ. ಮತ್ತೆ ಫೋನು, ಮತ್ತೆರಡು ಡಿಗ್ರಿ. ನಾನು ಕಣ್ಣು ಮುಚ್ಚಿ ಕದ್ದು ಕೇಳಿದ್ದ ಮಾತುಕತೆಗಳೆಲ್ಲ, ನಾನು ನಿದ್ದೆಹೋಗಿದ್ದಾಗ ನಡೆದಿರಬಹುದಾದವೂ ಸೇರಿ, ಈಗ ನನ್ನ ಮೇಜಿನ ಮೇಲೆ ಬಟ್ಟೆಯಾಗಿ ಬಿದ್ದಿದ್ದವು. ಎಷ್ಟು ಸಲ ಮಾತಾಡಿದ್ದಾರೆಂದು ಮುಟ್ಟಿಯೇ ಹೇಳಬಹುದಿತ್ತು.

ಮೊರಾಳನ್ನು ಮನೆಗೆ ಕಳಿಸಲು ನನಗೆ ಒಂದೇ ಪಟ್ಟಿ ಸಾಕಾಗಿತ್ತು. ಆದರೆ ಆ ಪಟ್ಟಿಯನ್ನು ತೋರಿಸಿದರೆ ಪಕ್ಕದ ಗರಿಗರಿ ತುಂಡಿನ ಬಗ್ಗೆ ಮಕೋಖಾ ಕೇಳದೆ ಇರುತ್ತಿರಲಿಲ್ಲ. ಅವರನ್ನು ಕೇಳದೆ ಬಿಸಿ ಏರಿಸಿದ್ದಕ್ಕೇ ಹಿಂದಿನ ಫುಂಡಿ ಹೋದದ್ದು, ಆ ಜಾಗಕ್ಕೇ ಕಿಸಿಲು ಬಂದದ್ದು. ಅವಳ ತಪ್ಪೂ ಇವನ ತಪ್ಪೂ ಹೇಗೆ ಅಂಟಿಕೊಂಡಿದ್ದವೆಂದರೆ, ಒಂದನ್ನು ಎಳೆದರೆ ಇನ್ನೊಂದು ಹರಿಯುತ್ತಿತ್ತು. ಹಾಗೆ ಅಂಟಿಕೊಂಡಿದ್ದರಲ್ಲ ಎಂಬುದೇ ನನ್ನನ್ನು ಸುಟ್ಟದ್ದು. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾನೂ ಅವನೂ ಸೇರಿ ಒಂದು ತಪ್ಪನ್ನಾದರೂ ಮಾಡಿರಲಿಲ್ಲ.

ಸಂಜೆ ಮೊರಾ ಬೇಗನೆ ಬಂದಳು. ಗುಲಾಬಿ ತಲೆವಸ್ತ್ರ. ಮೇಜಿನ ಮೇಲಿನ ಸಾಲು ನೋಡಿ ಬಾಗಿಲಲ್ಲೇ ನಿಂತಳು.

“ಒಳಗೆ ಬಾ. ಬಾಗಿಲು ಹಾಕು.”

ಬುಟ್ಟಿಯ ಪಟ್ಟಿಯನ್ನೂ ನನ್ನ ಪಟ್ಟಿಯನ್ನೂ ಪಕ್ಕಪಕ್ಕ ಕಿಟಕಿಗೆ ಹಿಡಿದೆ. ಅವಳು ನೋಡಿದಳು. ಕಾಳುಗಳು ಒಂದರಲ್ಲಿ ನಿಂತಿವೆ, ಒಂದರಲ್ಲಿ ಮಲಗಿವೆ. ಅರ್ಥವಾಗಲು ಅವಳಿಗೆ ಹೊತ್ತು ಹಿಡಿಯಲಿಲ್ಲ. ಎರಡೂ ಕೈ ಬಾಯಿಗೆ ಹೋದವು.

“ಬಾಣ...”

“ಗೋಡೆ ಕಡೆ ತೋರಿಸುತ್ತೆ.”

“ಗೋಡೆ ಕಡೆನಾ? ಬಾಣ ಯಾಕೆ ಗೋಡೆ ತೋರಿಸ್ಬೇಕು? ಗೋಡೇಲೇನಿದೆ?” ಅವಳ ದನಿ ಏರಿತು. “ಮೇಡಂ, ನಾನು ನಿಮ್ಮನ್ನ ಕೇಳಿದ್ದೆ.”

“ಕೇಳಿದ್ದೆ.”

“ಬಾಣ ಅಂದ್ರೆ ಬಾಣ ಅಂದ್ರಿ.”

ನಾನು ಕತ್ತರಿಯನ್ನು ಅದರ ಜಾಗದಲ್ಲಿಟ್ಟೆ. “ಅಂಕಿ ಬರ್ದೇ ಇದ್ದಾಗ ನಂಗೆ ಯಾಕೆ ಫೋನ್ ಮಾಡ್ಲಿಲ್ಲ? ಲ್ಯಾಬಿನ ವಿಷ್ಯ ಲ್ಯಾಬಿನವರ ಹತ್ರ ಅಲ್ವಾ ಕೇಳೋದು?”

“ನಿಮ್ ನಂಬರ್ ಎಲ್ಲಿದೆ ನನ್ ಹತ್ರ? ಕೇಳಿದ್ರೆ ಫೋನಲ್ಲಿ ಚಾರ್ಜಿಲ್ಲ ಅಂದ್ರಿ. ಚಾರ್ಜ್ ಇಲ್ದಿದ್ರೆ ನಂಬರ್ ಮರೆತು ಹೋಗುತ್ತಾ ಮೇಡಂ? ಫುಂಡಿ ಪಾಪ ಅವರೇ ಕೊಟ್ರು. ಕಷ್ಟ ಬಂದ್ರೆ ಮಾಡು ಅಂದ್ರು.”

ಇಷ್ಟು ದಿನ ನಾಲಿಗೆಯಡಿ ಇಟ್ಟುಕೊಂಡಿದ್ದು ಹೊರಬಂತು. “ನಗ್ತಿದ್ರಲ್ಲ ಇಬ್ರೂ. ಬಟ್ಟೆ ಹರಿದ್ರೆ ಅದರಲ್ಲಿ ನಗೋದೇನಿರುತ್ತೆ?”

ಅವಳು ನನ್ನನ್ನೇ ನೋಡಿದಳು. ನಾನು ಎಲ್ಲಿ ಮಲಗಿ ಏನು ಕೇಳಿದ್ದೆನೆಂದು ಅವಳಿಗೆ ಹೊಳೆದಿರಬೇಕು. ಆದರೂ ಅವಳು ನನ್ನ ಮೇಲೆ ಕನಿಕರ ತೋರಿಸಲಿಲ್ಲ, ಅಷ್ಟರಮಟ್ಟಿಗೆ ಒಳ್ಳೆಯವಳು.

“ನಾನು ನಗ್ತಿರ್ಲಿಲ್ಲ. ಅಳ್ತಿದ್ದೆ. ಅವ್ರು ನಗಿಸ್ತಿದ್ರು.”

ಅದು ಇನ್ನೂ ಕೆಟ್ಟದಾಗಿತ್ತು. ಜೊತೆಗೆ ನಗುವವರು ಎಷ್ಟೋ ಜನ ಸಿಗುತ್ತಾರೆ. ನಾನು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುವವಳು. ನನ್ನನ್ನು ನಗಿಸಲು ಯಾರಿಗೂ ಅವಕಾಶ ಕೊಟ್ಟವಳಲ್ಲ.

“ನನ್ನ ಕಳಿಸಿಬಿಡ್ತಾರಾ?” ಎಂದಳು. “ತಮ್ಮನ ಕಾಲೇಜು ಈಗಷ್ಟೇ ಶುರುವಾಗಿದೆ.” ಆಮೇಲೆ, “ಫುಂಡಿನೂ ಕಳಿಸ್ತಾರಾ?” ಎಂದಳು.

ಅವನ ಬಗ್ಗೆ ಎರಡನೆಯದಾಗಿ ಕೇಳಿದಳು, ಮೊದಲು ಅಲ್ಲ. ನಾನು ಅದನ್ನು ಗಮನಿಸಿದೆ. ನನಗೆ ಸ್ವಲ್ಪ ಉಸಿರು ಬಂತು.

“ಫೋನ್ ಕೊಡಿಲ್ಲಿ” ಎಂದೆ. ಅವಳ ಫೋನಿನಲ್ಲಿ ನನ್ನ ನಂಬರು ಒತ್ತಿದೆ. “ಇವತ್ತು ಬಿಸಿ ಮೊದಲನೇ ರಾತ್ರಿ ಎಷ್ಟಿತ್ತೋ ಅಷ್ಟಕ್ಕೇ ಇಳಿಯುತ್ತೆ, ನಾನು ಬಾಸ್ ಹತ್ರ ಹೇಳ್ತೀನಿ. ಬಾಣಕ್ಕೆ ಅಡ್ಡ ಕತ್ತರಿಸು. ಮೊದಲನೇ ಪಟ್ಟಿ ಎಳೆದ ತಕ್ಷಣ ನಂಗೆ ತಿಳಿಸು. ನಂಗೆ. ಇನ್ಯಾರಿಗೂ ಅಲ್ಲ.”

“ಫುಂಡಿಗೂ ಬೇಡ್ವಾ? ಪಾಪ, ತನ್ನ ಕೈಯೇ ಕೆಟ್ಟಿದೆ ಅಂದ್ಕೊಂಡಿದ್ದಾರೆ.”

“ಅವರಿಗೆ ಮೊದಲು ಬೇಡ.”

ಮೊರಾ ತಲೆಯಾಡಿಸಿದಳು. ಆಮೇಲೆ, ಬಾಗಿಲ ಹತ್ತಿರ ನಾನು ಹೋದಾಗ, “ಥ್ಯಾಂಕ್ಸ್ ಅಕ್ಕ” ಎಂದಳು. ಮೇಡಂ ಅನ್ನಲಿಲ್ಲ. ನನಗೆ ಅದೂ ಹಿಡಿಸಲಿಲ್ಲ, ಆದರೆ ತಿದ್ದಲಿಲ್ಲ.

ಮಕೋಖಾರ ಮುಂದೆ ತುಂಡುಗಳ ಸಾಲು ಇಟ್ಟೆ. ಮೊದಲ ರಾತ್ರಿಯ ರೋಲುಗಳು ಅಕ್ಕಿ ಚೀಲಕ್ಕೆ ಹೋಗಬಹುದು, ನಾನೇ ಎಳೆದು ನೋಡಿದ್ದೇನೆ. ಆಮೇಲಿನವು ಹಾಸಿಗೆಯ ತಳಕ್ಕೆ ಹಚ್ಚುವವರಿಗೆ ಹೋಗಲಿ, ಅಲ್ಲಿ ಭಾರ ಬೀಳುವುದಿಲ್ಲ, ಎಂದೆ. ರೋಲರ್ ಬೇಕಾದ್ದಕ್ಕಿಂತ ಬಿಸಿಯಾಗಿತ್ತು, ಇಳಿಸಬೇಕು, ಎಂದೆ. ಇದರಲ್ಲಿ ಒಂದು ಮಾತೂ ಸುಳ್ಳಲ್ಲ.

“ಯಾಕೆ ಬಿಸಿಯಾಯ್ತು?”

“ರೋಲರ್ ಅಲ್ವಾ ಬಾಸ್, ಬಿಸಿಯಾಗೋದೇ ಅದರ ಕೆಲಸ.”

“ತಮಾಷೆ ಬೇಡ.” ಆದರೆ ಅವರ ಕಣ್ಣು ಮೊದಲ ರಾತ್ರಿಯ ಅಂಕಿಯ ಮೇಲಿತ್ತು. ಅಷ್ಟು ಬಲದ ಬಟ್ಟೆ ಕೈಯಲ್ಲಿದ್ದಾಗ ಯಾವ ಮ್ಯಾನೇಜರೂ ಹೆಚ್ಚು ಹೊತ್ತು ಬೈಯಲಾರ. “ಇದೇ ಹದ ಹಿಡಿದುಕೊಳ್ಳೋಕೆ ಹೇಳು ನಿನ್ ಗಂಡನಿಗೆ. ಒಂದು ಡಿಗ್ರಿ ಅಲುಗಾಡಿದ್ರೂ ನನ್ ಕೇಳ್ಬೇಕು.”

ಗೇಟಿನಲ್ಲಿ ಕಿಸಿಲು ಕಾಯುತ್ತಿದ್ದ. ದಾರಿಯುದ್ದಕ್ಕೂ ಹೇಳಬೇಕೆಂದು ಮಾತು ಜೋಡಿಸಿಕೊಂಡು ಬಂದಿದ್ದೆ: ನಿನ್ನ ಕೈ ಕೆಟ್ಟಿಲ್ಲ. ನೀನು ಮೊದಲ ದಿನವೇ ಗೆದ್ದಿದ್ದೆ. ಬಾಣದ ಕಥೆ ಹೇಳಬೇಕೆಂದಿದ್ದೆ, ನನ್ನ ಪಾಲನ್ನೂ ಸೇರಿಸಿ. ಅವನು ಹಗುರಾಗಿ ನಗುವುದನ್ನು ನಾನು ನೋಡಬೇಕಿತ್ತು, ಆ ನಗು ನನ್ನಿಂದ ಹುಟ್ಟಬೇಕಿತ್ತು.

ಮತಾತು ವ್ಯಾನು ಹತ್ತಿ ಕೂತದ್ದೇ ಅವನು ಕೇಳಿದ, “ಬಾಸ್ ಮೊರಾಗೆ ಏನಾದ್ರೂ ಅಂದ್ರಾ?”

ಮುಂದಿನ ಸೀಟಿನ ಹೆಂಗಸಿನ ಮಡಿಲಲ್ಲಿ ನಮ್ಮದೇ ಬಟ್ಟೆಯ ಚೀಲವಿತ್ತು, ತುಂಬ ಈರುಳ್ಳಿ. ಹಿಡಿ ಬಿಗಿದು ಎಳೆದಿತ್ತು, ಹರಿದಿರಲಿಲ್ಲ. ಅದನ್ನೇ ನೋಡುತ್ತ ಹೇಳಿದೆ.

“ಇಲ್ಲ. ರೋಲರ್ ಬಿಸಿ ಹೆಚ್ಚಾಗಿತ್ತಂತೆ. ಇಳಿಸಿ ಅಂದ್ರು.”

“ಅಷ್ಟೇನಾ?”

“ಅಷ್ಟೇ.”

“ಹಂಗಾದ್ರೆ ಮೊದಲನೇ ರಾತ್ರಿ ಯಾಕೆ ಕಮ್ಮಿ ಬಂತು?”

“ನಂಗೇನ್ ಗೊತ್ತು? ನೀನು ಫುಂಡಿ.”

ಅವನು ಹಣೆ ಉಜ್ಜಿಕೊಂಡ.

ಮನೆಗೆ ಬಂದು ಮೆಕ್ಕೆಜೋಳ, ಬಟಾಣಿಯ ಮುಥೋಕೊಯ್ ಬಿಸಿಮಾಡಿ ಬಡಿಸಿದೆ. ಕಲೋಂದು ಬಟಾಣಿಯನ್ನೆಲ್ಲ ಆರಿಸಿ ಅಪ್ಪನ ತಟ್ಟೆಗೆ ಹಾಕುತ್ತಿದ್ದಳು. ಅವನು ತಿನ್ನುತ್ತಿದ್ದ, ಎತ್ತಲೋ ನೋಡುತ್ತ. ಆಗ ಮೇಜಿನ ಕೆಳಗೆಲ್ಲೋ ಗುರ್ರೆಂದಿತು. ಕಿಸಿಲು ತುತ್ತು ಅಲ್ಲೇ ಬಿಟ್ಟು, ಎಡಗೈಯನ್ನು ತನ್ನ ಜೇಬಿಗೆ ಹಾಕಿದ. ಎಷ್ಟು ಬೇಗ ಹಾಕಿದ! ಜೇಬಿನಲ್ಲಿದ್ದ ಫೋನು ಸುಮ್ಮನಿತ್ತು.

ಸದ್ದು ಮಾಡಿದ್ದು ನನ್ನದು. ಮಡಿಲಿನಲ್ಲೇ ಓದಿದೆ. *ಬಂತು ಅಕ್ಕ!! ಕರಾರಿಗಿಂತ ಮೇಲೆ. ಕುಣೀತಿದ್ದೀನಿ.*

“ಯಾರದು?” ಎಂದ ಕಿಸಿಲು. ಅವನ ಕೈ ಇನ್ನೂ ಜೇಬಿನಲ್ಲೇ ಇತ್ತು.

ಹೇಳಿಬಿಟ್ಟರೆ ಅವನ ಹಣೆಯ ಗೆರೆ ಈಗಲೇ ಇಳಿಯುತ್ತಿತ್ತು. ಆಮೇಲೆ ಅವನು ‘ಪಾಪ, ಹುಡುಗಿ’ ಅನ್ನುತ್ತಿದ್ದ. ಬಾಲ್ಕನಿಗೆ ಹೋಗಿ ಅವಳಿಗೆ ಫೋನು ಮಾಡುತ್ತಿದ್ದ, ಅವಳ ತಪ್ಪಿಗೆ ಅವಳನ್ನು ಸಮಾಧಾನ ಮಾಡಲು. ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ. ಮಕೋಖಾಗೆ ಹೇಳಿದರೆ ಇಬ್ಬರೂ ಒಟ್ಟಿಗೆ ಗೇಟು ದಾಟುತ್ತಿದ್ದರು, ಒಟ್ಟಿಗೆ. ಅಪೊಂದಿಗೆ ಹೇಳಿದರೆ ಲಾರಿಯವರಿಗೆಲ್ಲ ಗೊತ್ತಾಗುತ್ತಿತ್ತು. ಅವಳ ಗುಟ್ಟು ಈಗ ನನ್ನ ಮಡಿಲಲ್ಲಿತ್ತು, ಇನ್ನೂ ಬೆಚ್ಚಗೆ. ಅದನ್ನು ಅವನ ಕೈಗೆ ಕೊಡುವ ಮನಸ್ಸು ನನಗಿರಲಿಲ್ಲ.

“ಫ್ಯಾಕ್ಟ್ರಿ” ಎಂದೆ. “ಊಟ ಮಾಡು, ಆರಿಹೋಗುತ್ತೆ.”

ಫೋನನ್ನು ಮಗುಚಿ ಇಟ್ಟು, ಇದನ್ನು ಯಾರಿಗೂ ಹೇಳುವುದಿಲ್ಲವೆಂದು ತೀರ್ಮಾನಿಸಿದೆ.